ನಾಲ್ಕು ಗಂಟೆಯ ಟೀ

ನಮ್ಮ ಮನೆಯ ಗಡಿಯಾರ ನಾಲ್ಕು ಹೊಡೆಯುವುದಕ್ಕೂ ನಾನು ಜಗಲಿಯ ಕುರ್ಚಿಯಲ್ಲಿ ಕುಳಿತು ಅಡುಗೆಮನೆಯ ಕಡೆ ಕತ್ತು ಚಾಚುವುದಕ್ಕೂ ಸರಿಹೋಗುತ್ತದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಕೊನೆಯ ಪೀರಿಯಡ್ ಮುಗಿಸಿ ಮನೆಗೆ ಬಂದ ಕೂಡಲೇ ಕೈಗೆ ಟೀ ಬರಬೇಕು. ನಿವೃತ್ತನಾಗಿ ಹನ್ನೊಂದು ವರ್ಷವಾದರೂ ನನ್ನೊಳಗಿನ ಜವಾನ ಇನ್ನೂ ಗಂಟೆ ಬಾರಿಸುತ್ತಲೇ ಇದ್ದಾನೆ.

ನನ್ನ ಹೆಂಡತಿ ಇರುವಷ್ಟು ದಿನ ಆ ಟೀ ಅವಳ ಕೈಯದೇ. ಶುಂಠಿ ಜಜ್ಜಿ, ಎರಡು ಏಲಕ್ಕಿ ಗುದ್ದಿ ಹಾಕುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಆಮೇಲೆ ಆ ಕೆಲಸ ಸೊಸೆಯ ಪಾಲಿಗೆ ಬಂತು. ಅತ್ತೆಯ ಪಕ್ಕದಲ್ಲೇ ನಿಂತು ಕಲಿತವಳು, ಅದೇ ಶುಂಠಿ, ಅದೇ ಏಲಕ್ಕಿ. ಎರಡು ವರ್ಷ ನನ್ನಿಂದ ಒಂದು ದೂರೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆಲ್ಲ ಬಂದ ಜ್ವರ ನನಗೂ ಬಂತು. ಒಂದು ವಾರ ಮಲಗಿ ಎದ್ದೆ. ಅಲ್ಲಿಂದಾಚೆಗೆ ಟೀ ರುಚಿಸದಾಯಿತು.

"ಇದೇನಮ್ಮ, ಬಿಸಿನೀರಿಗೆ ಬಣ್ಣ ಕಟ್ಟಿದ ಹಾಗಿದೆ" ಎಂದೆ ಒಂದು ದಿನ. ಪಾಪ, ಟೀಪುಡಿ ಬದಲಾಯಿಸಿದಳು. ಇನ್ನೊಂದು ದಿನ "ಹಾಲು ಸರಿಯಿಲ್ಲ" ಎಂದೆ. ಪ್ಯಾಕೆಟ್ ಹಾಲು ಬಿಟ್ಟು ಪಕ್ಕದ ಬೀದಿಯಿಂದ ಕರೆದ ಹಾಲು ತರಿಸಿದಳು. ಮೂರನೇ ಸಲ ಪುಡಿ ಬದಲಾಯಿಸಿದಾಗ ನಾನು ಲೋಟ ಕೆಳಗಿಟ್ಟು, "ನಿಮ್ಮತ್ತೆ ಮಾಡ್ತಿದ್ದ ಟೀ..." ಎಂದು ನಿಲ್ಲಿಸಿಬಿಟ್ಟೆ. ಪೂರ್ತಿ ಆಡಿದ ಮಾತಿಗಿಂತ ಅರ್ಧಕ್ಕೆ ನಿಲ್ಲಿಸಿದ ಮಾತು ಹೆಚ್ಚು ಚುಚ್ಚುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಆ ಹೊತ್ತಿಗೆ ನೆನಪಾಗಲಿಲ್ಲ. ಅಂದಿನಿಂದ ಟೀ ಲೋಟ ಮೌನವಾಗಿ ಬಂದು ಮೌನವಾಗಿ ಹೋಗತೊಡಗಿತು.

ಇದರ ನಡುವೆ ಇನ್ನೊಂದು ಪ್ರಸಂಗ. ಸೊಸೆ ಒಲೆಯ ಮೇಲೆ ಹಾಲಿಟ್ಟು, "ಮಾವ, ಸ್ವಲ್ಪ ನೋಡ್ಕೊಳ್ಳಿ" ಎಂದು ಅಂಗಡಿಗೆ ಹೋದಳು. ನಾನು ಪೇಪರ್ ಓದುತ್ತ ಕುಳಿತೆ. ಅವಳು ಬಂದಾಗ ಹಾಲು ಸೀದು ಪಾತ್ರೆ ಕಪ್ಪಾಗಿತ್ತು. "ಬೀದಿಗೆಲ್ಲ ಸೀದ ವಾಸನೆ ಬರ್ತಿದೆ, ಇಲ್ಲೇ ಕೂತಿದ್ದೀರಲ್ಲ ಮಾವ!" ಎಂದಳು. ಒಂದು ಪಾತ್ರೆ ಹಾಲಿಗೆ ಇಷ್ಟು ರಂಪವೇ ಎಂದು ನನಗೇ ಸಿಟ್ಟು ಬಂತು.

ಮನೆಯೊಳಗಿನ ಈ ಬಿಗುವನ್ನು ಮೊದಲು ಗಮನಿಸಿದವಳು ನಮ್ಮ ಪುಟ್ಟಿ. ಆರನೇ ಕ್ಲಾಸು. ಒಂದು ಸಂಜೆ ಪಕ್ಕಕ್ಕೆ ಬಂದು ಕುಳಿತು, "ತಾತ, ನಿಂಗೆ ನಮ್ಮಮ್ಮನ ಟೀ ಚೆನ್ನಾಗಿಲ್ಲ ಅಲ್ವಾ? ಬೇರೆ ಎಲ್ಲಿ ಚೆನ್ನಾಗಿರುತ್ತೆ ಹುಡುಕೋಣ. ಸಿಕ್ಕಿದ್ರೆ ಹೆಂಗೆ ಮಾಡ್ತಾರೆ ಕೇಳ್ಕೊಂಡು ಬಂದು ಅಮ್ಮಂಗೆ ಹೇಳ್ತೀನಿ" ಎಂದಳು. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ನಾಲ್ಕು ಶನಿವಾರ, ನಾಲ್ಕು ಊರು ಎಂದು ತೀರ್ಮಾನವಾಯಿತು. ಅವಳು ಒಂದು ನೋಟ್ ಪುಸ್ತಕಕ್ಕೆ ಗೆರೆ ಹಾಕಿ ಊರು, ಬಣ್ಣ, ಪರಿಮಳ, ರುಚಿ, ತಾತನ ಮಾರ್ಕು, ನನ್ನ ಮಾರ್ಕು ಎಂದು ಬರೆದುಕೊಂಡಳು. ಮಕ್ಕಳಿಗೆ ಟೀ ಹೆಚ್ಚಾಗಬಾರದು ಎಂದು ಅವಳಮ್ಮನ ಕರಾರು: ಬರೀ ಎರಡು ಗುಟುಕು.

ಮೊದಲನೆಯದು ಶ್ರೀರಂಗಪಟ್ಟಣ. ಪಾಂಡವಪುರದಿಂದ ಬಸ್ಸು ಹತ್ತಿದೆವು. ಪುಟ್ಟಿಗೆ ಸೊನ್ನೆ ರೂಪಾಯಿ ಟಿಕೆಟ್, ನನಗೆ ಮಾತ್ರ ದುಡ್ಡಿನದು. ದಾರಿಯುದ್ದಕ್ಕೂ ಅದೇ ಅವಳಿಗೆ ನಗು. ಕಾವೇರಿ ಎರಡಾಗಿ ಹರಿದು ಸುತ್ತುವರಿದ ಊರು ಅದು. ವರ್ಷವಿಡೀ ಪ್ರವಾಸಿಗರು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿದೆವು. ಪುಟ್ಟಿ ಕೇಳಿದಳು: "ತಾತ, ಟಿಪ್ಪು ಸುಲ್ತಾನ ನಾಲ್ಕು ಗಂಟೆಗೆ ಟೀ ಕುಡೀತಿದ್ನಾ?"

ಒಳ್ಳೆಯ ಪ್ರಶ್ನೆ. ಆ ಅರಮನೆ ಕಟ್ಟಿದ್ದು 1784ರಲ್ಲಿ. ಇಂಗ್ಲಿಷರು ಅಸ್ಸಾಮಿನಲ್ಲಿ ಟೀ ತೋಟ ಹಾಕಲು ಶುರುಮಾಡಿದ್ದೇ 1830ರ ದಶಕದಲ್ಲಿ. ನಮ್ಮ ಹಳ್ಳಿಗಳಿಗೆ ಟೀ ಬಂದದ್ದು ಅದಕ್ಕೂ ಎಷ್ಟೋ ಈಚೆಗೆ. ನನ್ನ ಅಜ್ಜನ ಮನೆಯಲ್ಲಿ ಬೆಲ್ಲದ ಕಾಫಿಯೇ ದೊಡ್ಡ ಉಪಚಾರ. "ಹಾಗಾದ್ರೆ ಟಿಪ್ಪುಗಿಂತ ನಾವೇ ಪುಣ್ಯವಂತರು" ಎಂದಳು.

ಸಂಗಮದ ಬಳಿ, ಕವಲೊಡೆದ ಕಾವೇರಿ ಮತ್ತೆ ಒಂದಾಗುವ ಜಾಗದಲ್ಲಿ, ಒಬ್ಬಾತ ಗಾಡಿಯಲ್ಲಿ ಟೀ ಮಾಡುತ್ತಿದ್ದ. ಹರಿಗೋಲಿನಿಂದ ಇಳಿದವರೆಲ್ಲ ಅಲ್ಲಿ ಸಾಲುಗಟ್ಟಿದ್ದರು. ನಮ್ಮ ಕಣ್ಣೆದುರೇ ಶುಂಠಿ ಜಜ್ಜಿ ಹಾಕಿದ, ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮೊಳದೆತ್ತರ ಎತ್ತಿ ಸುರಿದ. ಪುಟ್ಟಿ ಹತ್ತಕ್ಕೆ ಎಂಟು ಕೊಟ್ಟಳು. ನಾನು ಮೂರು. "ಪ್ರವಾಸಿಗರ ಊರಿನ ಟೀ ಇಷ್ಟೇ, ನಾಳೆ ಬರದವರಿಗೆ ಇವತ್ತು ಯಾರು ಕಷ್ಟಪಡ್ತಾರೆ?" ಎಂದು ತೀರ್ಪನ್ನೂ ಕೊಟ್ಟೆ.

ಎರಡನೇ ಶನಿವಾರ ನಾಗಮಂಗಲ. ಹೊಯ್ಸಳರ ಕಾಲದ ಸೌಮ್ಯಕೇಶವ ದೇವಸ್ಥಾನಕ್ಕೆ ಸುತ್ತು ಹಾಕಿ, ಪೇಟೆ ಬೀದಿಯ ಒಂದು ಸಣ್ಣ ಹೋಟೆಲಿಗೆ ಹೋದೆವು. ಯಜಮಾನರು ನನ್ನ ವಯಸ್ಸಿನವರು. "ಮೊಮ್ಮಗಳಿಗೂ ಒಂದಾ ಸಾರ್?" ಎಂದರು. "ಬೈ ಟೂ" ಎಂದೆ. ಮೂರು ಮಾರ್ಕು ನನ್ನದು, ಏಳು ಅವಳದು. "ತಾತ, ನೀನು ಪರೀಕ್ಷೆ ಪೇಪರ್‌ಗೂ ಹಿಂಗೇ ಮಾರ್ಕು ಕೊಡ್ತಿದ್ದಾ?" ಎಂದಳು. ನಾನು ಕೇಳಿಸದವನಂತೆ ಕಿಟಕಿಯಾಚೆ ನೋಡಿದೆ.

ಮೂರನೆಯದು ಕೆ.ಆರ್.ಪೇಟೆ. ಅತ್ತಿಕುಪ್ಪೆ ಎಂಬುದು ಅದರ ಹಳೆಯ ಹೆಸರು. ಪಕ್ಕದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಸ್ಥಾನವಿದೆ. ಅದರ ಗೋಡೆಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನು ಕಲ್ಲಿನಲ್ಲಿ ಬಿಡಿಸಿದ್ದಾರೆ. ಪುಟ್ಟಿ ಬೆರಳು ತೋರಿಸಿ ಒಂದೊಂದೇ ಕಥೆ ಹೇಳಿಸಿಕೊಂಡಳು. ಬಸ್ ನಿಲ್ದಾಣಕ್ಕೆ ಮರಳಿದಾಗ ಒಬ್ಬಾಕೆ ಮಲ್ಲಿಗೆ ಮಾರುತ್ತಿದ್ದಳು. ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲವೇ ಕೆ.ಎಸ್. ನರಸಿಂಹಸ್ವಾಮಿಯವರ ಊರು! 'ಮೈಸೂರು ಮಲ್ಲಿಗೆ' ಬರೆದ ಕವಿಯ ಸೀಮೆಯಲ್ಲಿ ಮಲ್ಲಿಗೆ ಕೊಳ್ಳದೆ ಹೋದರೆ ಕನ್ನಡ ಮೇಷ್ಟ್ರಿಗೆ ಅವಮಾನ ಎಂದು ಒಂದು ಮೊಳ ಕೊಂಡು ಮೂಗಿಗೆ ಹಿಡಿದೆ.

"ಈಗಿನ ಮಲ್ಲಿಗೆಗೂ ವಾಸನೆ ಇಲ್ಲ ಬಿಡಮ್ಮ" ಎಂದೆ.

ಆಕೆ ನನ್ನನ್ನೇ ನೋಡಿ, "ಯಾಕ್ ಸಾ ಹಂಗಂತೀರಿ? ಬೆಳಿಗ್ಗೆ ಬುಡಿಸ್ದ ಹೂವ. ಬಸ್ ಸ್ಟ್ಯಾಂಡೆಲ್ಲಾ ಘಮ್ ಅಂತೈತೆ" ಎಂದಳು. ಪುಟ್ಟಿ ನನ್ನ ಮುಖ ನೋಡಿದಳು, ಹೂವಿನ ಮುಖ ನೋಡಿದಳು, ಏನೂ ಹೇಳಲಿಲ್ಲ. ಅಂದಿನ ಟೀಗೆ ನಾನು ಎರಡೇ ಮಾರ್ಕು ಕೊಟ್ಟೆ.

ನಾಲ್ಕನೆಯದು ನಮ್ಮದೇ ಪಾಂಡವಪುರ. ಹಿರೋಡೆ ಎಂಬ ಈ ಊರನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಂತೆ. ಈಗ ಇಲ್ಲಿ ಎತ್ತ ನೋಡಿದರೂ ಕಬ್ಬು. ಊರಾಚೆ ಪರಿಚಯದವರ ಆಲೆಮನೆಯಲ್ಲಿ ಬೆಲ್ಲದ ಟೀ ಚೆನ್ನಾಗಿ ಮಾಡುತ್ತಾರೆಂದು ಕೇಳಿ ಆಟೋ ಹತ್ತಿದೆವು. ನಾಲೆಯ ಏರಿಯ ಮೇಲೆ ಹೋಗುತ್ತಿರುವಾಗ ಪುಟ್ಟಿ ಕುಣಿದಳು.

"ತಾತ, ಬೆಲ್ಲದ ವಾಸನೆ!"

"ಎಲ್ಲಿ?"

"ಎಲ್ಲಾ ಕಡೆ!"

ಆಟೋದವನೂ ಮೂಗರಳಿಸಿ, "ಪಾಕ ಬಂದೈತೆ ಸಾ, ಈಗ ಇಳಿಸ್ತಾರೆ" ಎಂದ. ತೆಂಗಿನ ಮರಗಳ ಹಿಂದೆ ಹೊಗೆ ಕಾಣಿಸಿತು. ನಾನು ಉಸಿರೆಳೆದೆ. ಗಾಳಿ ಬಂತು, ಬರೀ ಗಾಳಿ.

ಆಲೆಮನೆಯಲ್ಲಿ ದೊಡ್ಡ ಕೊಪ್ಪರಿಗೆ ಕುದಿಯುತ್ತಿತ್ತು. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುರುಕುತ್ತಿದ್ದರು. ಕಬ್ಬಿನ ಹಾಲು ಕಾದು, ಮಡ್ಡಿ ತೆಗೆಸಿಕೊಂಡು, ಚಿನ್ನದ ಬಣ್ಣಕ್ಕೆ ತಿರುಗಿ ಗುಳುಗುಳು ಎನ್ನುತ್ತಿತ್ತು. ಹತ್ತಿರ ಹೋಗಿ ಬಗ್ಗಿದೆ. ಕಾವು ಮುಖಕ್ಕೆ ಹೊಡೆಯಿತು, ಆವಿಗೆ ಕನ್ನಡಕ ಮಸುಕಾಯಿತು. ಹುಟ್ಟಿದಾಗಿನಿಂದ ಬಲ್ಲ ವಾಸನೆ ಅದು. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಅದರ ಜಾಡು ಹಿಡಿದೇ ಆಲೆಮನೆಗೆ ಓಡುತ್ತಿದ್ದವನು ನಾನು. ಈಗ ಕೊಪ್ಪರಿಗೆಯ ಪಕ್ಕದಲ್ಲೇ ನಿಂತಿದ್ದೇನೆ, ಏನೂ ಇಲ್ಲ.

ಆಲೆಮನೆಯ ತಾಯಿ ಟೀ ಮಾಡಿದರು. ನೀರಿಗೆ ಪುಡಿ, ಶುಂಠಿ, ಏಲಕ್ಕಿ ಹಾಕಿ ಕುದಿಸಿ, ಬೆಲ್ಲ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ಬೇರೆ ಕಾಯಿಸಿಟ್ಟ ಹಾಲು ಬೆರೆಸಿದರು. "ಬೆಲ್ಲ ಹಾಕಿ ಹಾಲು ಕುದ್ಸಿದ್ರೆ ಒಡ್ದೋಯ್ತದೆ ಕಣವ್ವ" ಎಂದು ಪುಟ್ಟಿಗೆ ಗುಟ್ಟು ಹೇಳಿಕೊಟ್ಟರು. ಅವಳು ಬರೆದುಕೊಂಡಳು. ತನ್ನ ಕಡೆಯಿಂದ ಒಂಬತ್ತು ಮಾರ್ಕು ಹಾಕಿ, "ತಾತ, ನಿಂದು?" ಎಂದಳು.

ನನಗೆ ಬಾಯಿ ಬರಲಿಲ್ಲ.

ಅವಳು ಆ ತಾಯಿಯ ಹತ್ತಿರ ಒಂದು ಏಲಕ್ಕಿ ಇಸಿದುಕೊಂಡು ಸುಲಿದು, ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದಳು. "ಇದೇನು ಹೇಳು?" ನಾನು ಹೇಳಲಿಲ್ಲ. ಆಗ ನೋಟ್ ಪುಸ್ತಕ ಹಿಂದಕ್ಕೆ ತಿರುವಿ ಕೆ.ಆರ್.ಪೇಟೆಯ ಪುಟ ತೋರಿಸಿದಳು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: 'ತಾತನಿಗೆ ಮಲ್ಲಿಗೆ ವಾಸನೆ ಬರಲಿಲ್ಲ.'

"ಟೀ ಎಲ್ಲಾ ಚೆನ್ನಾಗೇ ಇತ್ತು ತಾತ" ಎಂದಳು ಮೆಲ್ಲಗೆ. "ಅಮ್ಮಂದೂ."

ಮಂಡ್ಯದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರರನ್ನು ಕಂಡೆವು. ಅವರು ಹೇಳಿದ್ದು ಇಷ್ಟು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಮೂಗಿನ ಕೆಲಸ. ಬಾಯಿಯಲ್ಲಿರುವ ತಿನಿಸಿನ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ವಯಸ್ಸಾದಂತೆ ಈ ಶಕ್ತಿ ಕುಗ್ಗುತ್ತದೆ, ಕೆಲವು ಜ್ವರಗಳಲ್ಲಿ ಒಮ್ಮೆಗೇ ಪೆಟ್ಟು ಬೀಳುವುದೂ ಉಂಟು. ಕೆಲವರಿಗೆ ನಿಧಾನವಾಗಿ ಮರಳುತ್ತದೆ, ಕೆಲವರಿಗೆ ಇಲ್ಲ. ಮೂಗಿಗೊಂದು ವ್ಯಾಯಾಮವಿದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ಪರಿಮಳವನ್ನು ದಿನಕ್ಕೆ ಎರಡು ಸಲ, ಹೆಸರು ನೆನೆಯುತ್ತ ಮೂಸಬೇಕು, ತಿಂಗಳುಗಟ್ಟಲೆ.

ಮಕ್ಕಳೇ, ನೀವೂ ಮಾಡಿ ನೋಡಿ. ಕಣ್ಣು ಮುಚ್ಚಿ, ಮೂಗು ಹಿಡಿದು, ಯಾರಾದರೂ ಕೊಟ್ಟ ಹಣ್ಣಿನ ಹೋಳು ಅಗಿಯಿರಿ. ಸಿಹಿಯೋ ಹುಳಿಯೋ ತಿಳಿಯುತ್ತದೆ, ಸೇಬೋ ಸೀಬೆಯೋ ಹೇಳುವುದು ಕಷ್ಟ. ಮೂಗು ಬಿಟ್ಟೊಡನೆ ಹಣ್ಣಿನ ಹೆಸರು ಬಾಯಿಗೆ ಬರುತ್ತದೆ. ನಿಮ್ಮ ತಾತ, ಅಜ್ಜಿ "ಊಟ ಸಪ್ಪೆ" ಎಂದು ಗೊಣಗುತ್ತಿದ್ದರೆ ಅವರಿಗೂ ಒಂದು ಏಲಕ್ಕಿ ಮೂಸಿಸಿ ನೋಡಿ.

ಡಾಕ್ಟರರು ಇನ್ನೊಂದು ಮಾತು ಕೇಳಿದರು: "ಮನೇಲಿ ಒಬ್ಬರೇ ಇರ್ತೀರಾ? ಗ್ಯಾಸ್ ಲೀಕ್ ಆದ್ರೆ ಗೊತ್ತಾಗುತ್ತಾ?" ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ಆ ಎಚ್ಚರಿಕೆ ನನ್ನ ಪಾಲಿಗೆ ಇಲ್ಲ. ಸೀದ ಹಾಲಿನ ಪಾತ್ರೆ ಕಣ್ಣ ಮುಂದೆ ಬಂತು. ಅಂದು ಸೊಸೆ ಬೈದದ್ದು ಹಾಲಿಗಲ್ಲ ಎಂದು ಈಗ ಅರ್ಥವಾಯಿತು.

ಅವತ್ತು ಮನೆಗೆ ಬಂದಾಗ ನಾಲ್ಕು ದಾಟಿತ್ತು. ಸೊಸೆ ಟೀ ತಂದಿಟ್ಟು ತಿರುಗಿದಳು. "ಒಂದ್ನಿಮಿಷ ಕೂತ್ಕೊಳ್ಳಮ್ಮ" ಎಂದೆ. ಮೂವತ್ತೆರಡು ವರ್ಷ ಮಾತನ್ನೇ ನಂಬಿ ಬದುಕಿದವನಿಗೆ ಅಂದು ಮಾತು ಸಿಗಲಿಲ್ಲ. "ಟೀ ಕೆಟ್ಟಿರಲಿಲ್ಲ, ನನ್ನ ಮೂಗು ಕೆಟ್ಟಿತ್ತು. ಎಂಟು ತಿಂಗಳು ನಿನ್ನನ್ನ ನೋಯಿಸಿದೆ. ತಪ್ಪಾಯ್ತು" ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀವು ಅತ್ತೆ ಹೆಸರು ಎತ್ತಿದ ದಿನ ನಾನು ಅಡುಗೆಮನೇಲಿ ಅತ್ತುಬಿಟ್ಟೆ ಮಾವ" ಎಂದಳು. "ನಂಗೂ ಅವರ ಟೀ ನೆನಪಾಗುತ್ತೆ. ಅವರು ಕಲಿಸಿದ ಹಾಗೇ ಮಾಡ್ತಿದ್ದೆ." ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಲೋಟ ಎತ್ತಿ ಪೂರ್ತಿ ಕುಡಿದೆ.

ಈಗ ಗ್ಯಾಸ್ ಒಲೆಯ ಹತ್ತಿರ ನಾನೊಬ್ಬನೇ ಹೋಗುವ ಹಾಗಿಲ್ಲ. ಅದು ಸೊಸೆಯ ಕಟ್ಟಾಜ್ಞೆ, ನಾನು ಮೀರುವುದಿಲ್ಲ. ಶುಂಠಿಯ ಖಾರ ತಿಳಿಯುವುದಕ್ಕೆ ಮೂಗು ಬೇಕಿಲ್ಲವಂತೆ, ನಾಲಿಗೆ ಗಂಟಲುಗಳೇ ಸಾಕಂತೆ. ಅದಕ್ಕೆ ನನ್ನ ಲೋಟಕ್ಕೆ ಮಾತ್ರ ಅವಳು ಒಂದು ತುಂಡು ಹೆಚ್ಚಿಗೆ ಜಜ್ಜಿ ಹಾಕುತ್ತಾಳೆ. ಗಂಟಲಲ್ಲಿ ಚುರುಕ್ ಎಂದಾಗ, ಪರವಾಗಿಲ್ಲ, ಟೀ ಬಂತು ಎಂದುಕೊಳ್ಳುತ್ತೇನೆ.

ವ್ಯಾಯಾಮದ ಮೇಷ್ಟ್ರು ಪುಟ್ಟಿ. ನಾಲ್ಕು ಡಬ್ಬಿ ಹಿಡಿದು ಬರುತ್ತಾಳೆ, ಕಣ್ಣು ಮುಚ್ಚು ಎನ್ನುತ್ತಾಳೆ, ಮಾರ್ಕು ಹಾಕುತ್ತಾಳೆ. ಎರಡು ತಿಂಗಳು ಬರೀ ಸೊನ್ನೆ ಸುತ್ತಿದಳು. ಮೊನ್ನೆ ಭಾನುವಾರ ಏನೋ ಒಂದು, ಬಹಳ ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ, ಸುಳಿದು ಹೋಯಿತು.

"ಲವಂಗ?" ಎಂದೆ, ಅಂಜುತ್ತಲೇ.

ಅವಳು ಡಬ್ಬಿ ಮುಚ್ಚಿ, ನೋಟ್ ಪುಸ್ತಕ ತೆಗೆದು, "ಅಮ್ಮಾ, ತಾತ ಪಾಸು!" ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿದಳು.