ತಿನ್ನದ ಮೀನಿಗೆ ದುಡ್ಡು ಸುರಿಯುವ ಊರು

ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಾದರೆ ಸಾಕು, ಬೋಕಾ ಗ್ರಾಂಡೆಯ ದೋಣಿಯವರು ಪಂಚಾಂಗ ಬಿಡಿಸಿ ಕುಳಿತ ಜೋಯಿಸರಂತಾಗುತ್ತಾರೆ. ಇಳಿತ ಎಷ್ಟು ಹೊತ್ತಿಗೆ ಶುರು? ನೀರಿನ ಸೆಳೆತ ಎಷ್ಟು? ಗಾಳಿ ಯಾವ ದಿಕ್ಕಿನದು? ಲೆಕ್ಕ ಕೂಡಿಬಂದರೆ ಮೇ ಅಥವಾ ಜೂನ್ ತಿಂಗಳ ಒಂದು ಸಂಜೆ ಒಳಗಿನ ಹಿನ್ನೀರೆಲ್ಲ ಒಂದೇ ಬಾಗಿಲಿನಿಂದ ಸಮುದ್ರಕ್ಕೆ ನುಗ್ಗುತ್ತದೆ. ಅದರ ಜೊತೆಗೆ ಲೆಕ್ಕವಿಲ್ಲದಷ್ಟು ಪುಟ್ಟ ಏಡಿಗಳು ತೇಲಿ ಬರುತ್ತವೆ. ಅವನ್ನು ನುಂಗಲು ತಳದಲ್ಲಿ ಬಿಡಾರ ಹೂಡಿದ್ದ ಟಾರ್ಪನ್ ಮೀನುಗಳು ಮೇಲೇಳುತ್ತವೆ. ಒಂದೊಂದೂ ಆಳುದ್ದ, ಮೈತುಂಬ ಬೆಳ್ಳಿಯ ತಗಡು ಹೊದೆಸಿದಂಥ ಹುರುಪೆ. ಕಾಯ್ದು ನಿಂತ ದೋಣಿಗಳಲ್ಲಿ ಆಗ ಗಡಿಬಿಡಿಯೋ ಗಡಿಬಿಡಿ!

ಅಮೆರಿಕದ ಫ್ಲೋರಿಡಾ ರಾಜ್ಯದ ಪಶ್ಚಿಮ ತೀರದಲ್ಲಿ, ಮೆಕ್ಸಿಕೋ ಕೊಲ್ಲಿಗೆ ಮುಖಮಾಡಿ ಮಲಗಿರುವ ಸಪೂರ ದ್ವೀಪ ಗ್ಯಾಸ್ಪರಿಲ್ಲಾ. ಅದರ ದಕ್ಷಿಣ ತುದಿಯ ಊರೇ ಬೋಕಾ ಗ್ರಾಂಡೆ. ಸ್ಪ್ಯಾನಿಷ್ ಭಾಷೆಯಲ್ಲಿ 'ದೊಡ್ಡ ಬಾಯಿ' ಎಂದರ್ಥ. ಹೆಸರು ಬಂದದ್ದು ಊರಿನ ಪಕ್ಕದ ಅಳಿವೆಯಿಂದ. ಪೀಸ್ ಮತ್ತು ಮಯಾಕ್ಕಾ ನದಿಗಳ ನೀರು ತುಂಬಿಕೊಂಡ ಷಾರ್ಲಟ್ ಹಾರ್ಬರ್ ಎಂಬ ವಿಶಾಲ ಹಿನ್ನೀರು ಕಡಲನ್ನು ಸೇರುವುದು ಇಲ್ಲಿಯೇ. ಸುತ್ತಲಿನ ನೀರು ಸೊಂಟದ ಮಟ್ಟ, ಎದೆಯ ಮಟ್ಟ ಎಂಬಂತಿದ್ದರೆ ಅಳಿವೆಯ ಆಳ ಸುಮಾರು 70 ಅಡಿ. ಪ್ರತಿ ಬೇಸಿಗೆ ಟಾರ್ಪನ್‌ಗಳು ಹಿಂಡುಹಿಂಡಾಗಿ ಬಂದು ಠಿಕಾಣಿ ಹೂಡುವುದು ಈ ಗುಂಡಿಯಲ್ಲಿ.

ಊರು ಚಿಕ್ಕದು, ಗತ್ತು ದೊಡ್ಡದು. ಜನ ಓಡಾಡುವುದು ಹೆಚ್ಚಾಗಿ ಗಾಲ್ಫ್ ಗಾಡಿಗಳಲ್ಲಿ. ಒಂದು ರಸ್ತೆಯ ಇಕ್ಕೆಲದಲ್ಲೂ ಆಲದ ಜಾತಿಯ ಮರಗಳು ಬಿಳಲು ಬಿಟ್ಟು ಚಪ್ಪರ ಹಾಕಿವೆ. ರಸ್ತೆಯ ಹೆಸರೇ ಬನಿಯನ್ ಸ್ಟ್ರೀಟ್. 1890ರ ದೀಪಸ್ತಂಭ ಇನ್ನೂ ನಿಂತಿದೆ. ಹೊರಗಿನಿಂದ ಬಂದು ಸೇರಿಕೊಂಡ, ಮುಳ್ಳುಬಾಲದ ಓತಿಕ್ಯಾತದಂಥ ಇಗ್ವಾನಾಗಳು ತೋಟ ಮೇಯುವುದು ಊರಿನ ಖಾಯಂ ತಲೆನೋವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ರೈಲು ಬಂದದ್ದು ಮೀನಿಗಾಗಿ ಅಲ್ಲ, ಒಳನಾಡಿನ ಫಾಸ್ಫೇಟನ್ನು ಹಡಗಿಗೆ ತುಂಬಲು. ಆ ಬಂದರು 1979ರಲ್ಲಿ ಮುಚ್ಚಿತು. ಅದೇ ರೈಲಿನ ಕಾಲದಲ್ಲಿ ಚಳಿ ತಪ್ಪಿಸಿಕೊಳ್ಳಲು ಬಂದ ಉತ್ತರದ ಶ್ರೀಮಂತರಿಗಾಗಿ ಎದ್ದ ಗ್ಯಾಸ್ಪರಿಲ್ಲಾ ಇನ್ ಎಂಬ ಮರದ ಹೋಟೆಲು ಮಾತ್ರ ಇಂದಿಗೂ ಇದೆ. ಗೊಬ್ಬರದ ಕಲ್ಲು ಹೋಯಿತು, ಮೀನು ಉಳಿಯಿತು.

ಇಲ್ಲಿಯೇ ಕರಾವಳಿಯ ಕನ್ನಡಿಗನಿಗೆ ಮೊದಲ ಒಗಟು ಎದುರಾಗುವುದು. ಈ ಮೀನನ್ನು ಫ್ಲೋರಿಡಾದಲ್ಲಿ ಯಾರೂ ತಿನ್ನುವುದಿಲ್ಲ! ಮೈಯೆಲ್ಲ ಮುಳ್ಳು, ರುಚಿಯೂ ಅಷ್ಟಕ್ಕಷ್ಟೆ. ಬಂಗುಡೆ, ಭೂತಾಯಿ, ಅಂಜಲ್ ಎಂದು ಮೀನನ್ನು ಸಾರಿನ ಲೆಕ್ಕದಲ್ಲೇ ಅಳೆಯುವವರಿಗೆ, ತಿನ್ನಲಾಗದ ಮೀನಿಗಾಗಿ ಅರ್ಧ ದಿನಕ್ಕೆ ನೂರಾರು ಡಾಲರ್ ತೆತ್ತು ದೋಣಿ ಬಾಡಿಗೆ ಹಿಡಿಯುವುದು ಹುಚ್ಚಾಟವೆನಿಸೀತು. ಅಂದ ಹಾಗೆ ಟಾರ್ಪನ್ನಿನ ಚಿಕ್ಕ ದಾಯಾದಿಯೊಂದು ಭಾರತದ ಕರಾವಳಿಯ ಅಳಿವೆಗಳಲ್ಲೂ ಇದೆ. ಆದರೆ ಅದರ ಹಿಂದೆ ಇಂಥ ಮೆರವಣಿಗೆ ಹೊರಟದ್ದಿಲ್ಲ.

ಹುಚ್ಚು ಹಿಡಿಸಿದ್ದು ಅದರ ಜಿಗಿತ. ಎಲುಬಿನಂಥ ಗಡಸು ಬಾಯಿಗೆ ಗಾಳ ನಾಟುವುದೇ ಕಷ್ಟ. ನಾಟಿತೋ, ನೂರು ಪೌಂಡಿನ ಮೀನು ಇಡೀ ಮೈಯನ್ನು ನೀರಿನಿಂದ ಹೊರಗೆಸೆದು, ಗಾಳಿಯಲ್ಲಿ ತಿರುಚಿ, ಕಿವಿರನ್ನು ಪಟಪಟನೆ ಬಡಿದು ಮತ್ತೆ ಬೀಳುತ್ತದೆ. ಆ ಹೊತ್ತಿಗೆ ತಂಗೂಸಿ ಬಿಗಿಯಾಗಿದ್ದರೆ ಅದು ತುಂಡಾಗುತ್ತದೆ, ಇಲ್ಲವೇ ಗಾಳ ಕಳಚುತ್ತದೆ. ಅದಕ್ಕೇ ಮೀನು ಹಾರಿದೊಡನೆ ಕ್ಯಾಪ್ಟನ್ "ಬಗ್ಗಿ, ಬಗ್ಗಿ!" ಎಂದು ಕೂಗುತ್ತಾನೆ. ಗಿರಾಕಿ ಕೋಲನ್ನು ಮುಂದೆ ಚಾಚಿ ಸೊಂಟ ಬಗ್ಗಿಸಿ ದಾರವನ್ನು ಸಡಿಲ ಬಿಡಬೇಕು. ರಾಜನಿಗೆ ನಮಸ್ಕರಿಸುವುದು ಎಂದೇ ಆ ಭಂಗಿಗೆ ಹೆಸರು. ಮೀನಿನ ಅಡ್ಡಹೆಸರು 'ಬೆಳ್ಳಿ ರಾಜ'. ಇದರ ಇನ್ನೊಂದು ವಿಶೇಷ, ಗಾಳಿಚೀಲವೇ ಶ್ವಾಸಕೋಶದಂತೆ ಕೆಲಸ ಮಾಡುವುದು. ದಣಿದ ಮೀನು ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ಹೊಸ ಬಲದಿಂದ ಎಳೆಯುತ್ತದೆ. ಒಂದು ಮೀನು ದೋಣಿಯ ಪಕ್ಕಕ್ಕೆ ಬರಲು ಗಂಟೆಗಟ್ಟಲೆ ಹಿಡಿಯುವುದೂ ಉಂಟು.

1885ರಲ್ಲಿ ನ್ಯೂಯಾರ್ಕಿನ ಡಬ್ಲ್ಯು. ಎಚ್. ವುಡ್ ಎಂಬಾತ ಇಲ್ಲಿಂದ ದಕ್ಷಿಣಕ್ಕೆ, ಸ್ಯಾನಿಬೆಲ್ ದ್ವೀಪದ ಬಳಿ, ಕೋಲು-ರೀಲಿನಿಂದ 93 ಪೌಂಡಿನ ಟಾರ್ಪನ್ ಹಿಡಿದ. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಶ್ರೀಮಂತರು ದಕ್ಷಿಣಕ್ಕೆ ಹೊರಟರು. ಈಗಿನ ವಿಶ್ವದಾಖಲೆ ಮಾತ್ರ ಅಮೆರಿಕದ್ದಲ್ಲ: 2003ರಲ್ಲಿ ಆಫ್ರಿಕಾದ ಗಿನಿ-ಬಿಸ್ಸಾವಿನಲ್ಲಿ ಸಿಕ್ಕ ಸುಮಾರು 130 ಕಿಲೋ ತೂಕದ ಮೀನು.

ಹಳೆಯ ಛಾಯಾಚಿತ್ರಗಳಲ್ಲಿ ಕೊಕ್ಕೆಗೆ ನೇತುಹಾಕಿದ ಟಾರ್ಪನ್‌ಗಳ ಸಾಲು, ಪಕ್ಕದಲ್ಲಿ ಟೋಪಿ ಧರಿಸಿದ ಗಣ್ಯರು. ಫೋಟೋ ತೆಗೆದಾದ ಮೇಲೆ ಮೀನು ಕಸಕ್ಕೆ. ಆ ಚಟ ಎಲ್ಲಿಗೆ ಮುಟ್ಟಿಸೀತು ಎಂಬುದಕ್ಕೆ ಟೆಕ್ಸಾಸಿನ ಪೋರ್ಟ್ ಅರಾನ್ಸಸ್ ಸಾಕ್ಷಿ. ಒಂದು ಕಾಲಕ್ಕೆ ಆ ಊರಿನ ಹೆಸರೇ ಟಾರ್ಪನ್ ಎಂದಿತ್ತು. ಅಲ್ಲಿನ ಟಾರ್ಪನ್ ಇನ್ ಹೋಟೆಲಿನ ಗೋಡೆಗಳ ಮೇಲೆ, ಹಿಡಿದವರು ರುಜು ಹಾಕಿ ಅಂಟಿಸಿದ ಸಾವಿರಾರು ಹುರುಪೆಗಳಿವೆ; 1937ರಲ್ಲಿ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಹಿಡಿದ ಮೀನಿನದೂ ಒಂದು. ಗೋಡೆ ತುಂಬಿದೆ, ಕಡಲಿನಲ್ಲಿ ಮೀನು ಹಿಂದಿನಂತಿಲ್ಲ. ಹಿಡಿದು ಕೊಂದದ್ದೊಂದೇ ಕಾರಣವಲ್ಲ, ನದಿಗಳಿಗೆ ಕಟ್ಟಿದ ಅಣೆಕಟ್ಟುಗಳ ಪಾಲೂ ಇದೆ ಎನ್ನುತ್ತಾರೆ.

ಫ್ಲೋರಿಡಾ ಹೊತ್ತಿಗೆ ಮುಂಚೆ ಎಚ್ಚೆತ್ತಿತು. 1989ರಲ್ಲಿ, ಟಾರ್ಪನ್ ಕೊಲ್ಲಬೇಕಾದರೆ 50 ಡಾಲರಿನ ಚೀಟಿ ಕೊಳ್ಳಬೇಕೆಂಬ ನಿಯಮ ಬಂತು. 2013ರಿಂದ ಹಿಡಿದದ್ದನ್ನು ಬಿಡಲೇಬೇಕು. ದಾಖಲೆಗೆ ಯತ್ನಿಸುವವನಿಗೆ ಮಾತ್ರ ಚೀಟಿ, ಅದೂ ವರ್ಷಕ್ಕೆ ಒಂದು. 40 ಅಂಗುಲಕ್ಕಿಂತ ಉದ್ದದ ಮೀನನ್ನು ಫೋಟೋಕ್ಕೆಂದು ನೀರಿನಿಂದ ಎತ್ತುವಂತೆಯೂ ಇಲ್ಲ. ಗಿರಾಕಿಯೇ ದೋಣಿಯಂಚಿಗೆ ಬಾಗಿ ಫೋಟೋ ಹೊಡೆಸಿಕೊಳ್ಳಬೇಕು.

ಅದೇ 2013 ಬೋಕಾ ಗ್ರಾಂಡೆಯ ಜಗಳದ ವರ್ಷವೂ ಹೌದು. ತಲೆಮಾರುಗಳಿಂದ ಇಲ್ಲಿನ ಕ್ಯಾಪ್ಟನ್‌ಗಳು ಜೀವಂತ ಏಡಿಯನ್ನೋ ಸಣ್ಣ ಮೀನನ್ನೋ ಗಾಳಕ್ಕೆ ಸಿಕ್ಕಿಸಿ, ದೋಣಿಯನ್ನು ಸೆಳೆತಕ್ಕೆ ಬಿಟ್ಟು ತೇಲುತ್ತಾ ಹಿಡಿಯುವವರು. ನಡುವೆ ಹೊಸ ಪದ್ಧತಿಯೊಂದು ಬಂತು: ಗಾಳದ ಕೆಳಗೆ ಭಾರದ ಸೀಸ ಕಟ್ಟಿ ನೇರವಾಗಿ ಮೀನಿನ ಹಿಂಡಿನೊಳಕ್ಕೆ ಇಳಿಸುವುದು. ಟೀವಿ ಕ್ಯಾಮೆರಾಗಳ ಮುಂದೆ ದೊಡ್ಡ ಬಹುಮಾನದ ಪಂದ್ಯಗಳು, ಹಿಂಡಿನ ಮೇಲೆ ಎಂಜಿನ್ ಮೊರೆಸುತ್ತ ಮುತ್ತುವ ದೋಣಿಗಳು. ಮೀನು ಬಾಯಿ ಹಾಕಿ ಸಿಕ್ಕುತ್ತಿಲ್ಲ, ಹೊರಗಿನಿಂದ ದವಡೆಗೆ ಕೊಕ್ಕೆ ತಗುಲಿ ಸಿಕ್ಕುತ್ತಿದೆ ಎಂದು ಹಳಬರು ದೂರಿದರು. ಹೊಟ್ಟೆಕಿಚ್ಚು ಎಂದರು ಹೊಸಬರು. ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗ ಕೊನೆಗೆ ಅಳಿವೆಯಲ್ಲಿ ಆ ಬಗೆಯ ಗಾಳವನ್ನು ನಿಷೇಧಿಸಿತು. ಹೊಟ್ಟೆಪಾಡಿನ ಪೈಪೋಟಿ ಇದರಲ್ಲಿ ಇರಲಿಲ್ಲವೆಂದಲ್ಲ. ಆದರೆ ಕಚ್ಚುವುದು ಬಿಡುವುದು ಮೀನಿನ ಇಷ್ಟ ಎಂಬುದನ್ನೂ ಕಿತ್ತುಕೊಂಡರೆ ಗಾಳಕ್ಕೂ ಈಟಿಗೂ ವ್ಯತ್ಯಾಸವೇನು?

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದೂ ಅಲ್ಲ. ಟಾರ್ಪನ್ ಸೇರಿದಲ್ಲಿ ಸುತ್ತಿಗೆ ತಲೆಯ ಶಾರ್ಕ್ ಹಾಜರು. ಮುಕ್ಕಾಲು ಗಂಟೆ ಸೆಣಸಿ ಸೋತ ಮೀನನ್ನು ದೋಣಿಯ ಪಕ್ಕದಲ್ಲೇ ಎರಡು ತುಂಡು ಮಾಡುತ್ತದೆ. 2006ರಲ್ಲಿ ಇಲ್ಲಿ ಗಾಳಕ್ಕೆ ಬಿದ್ದ ಅಂಥ ಶಾರ್ಕ್ 1,280 ಪೌಂಡ್ ತೂಗಿ ದಾಖಲೆಯಾಯಿತು. ಕೊಯ್ದಾಗ ಹೊಟ್ಟೆಯಲ್ಲಿ 55 ಮರಿಗಳಿದ್ದವು. ಹಿಡಿದ ಸಂಭ್ರಮಕ್ಕಿಂತ ಆ ಲೆಕ್ಕವೇ ಜನರ ಮನಸ್ಸಿನಲ್ಲಿ ಉಳಿದದ್ದು.

ಮೀನಿನ ಆಯಸ್ಸೂ ದೊಡ್ಡದು. ಷಿಕಾಗೋದ ಷೆಡ್ ಮತ್ಸ್ಯಾಲಯಕ್ಕೆ 1935ರಲ್ಲಿ ಬಂದ ಟಾರ್ಪನ್ ಸತ್ತದ್ದು 1998ರಲ್ಲಿ! ಮೊಟ್ಟೆಯಿಡುವ ಪ್ರಾಯಕ್ಕೆ ಬರಲೇ ಹತ್ತು ವರ್ಷದ ಸುಮಾರು. ಹೀಗಾಗಿ ಒಂದು ದೊಡ್ಡ ಮೀನು ಹೋದರೆ ಅದರ ಜಾಗ ತುಂಬುವುದು ನಿಧಾನ. ಮರಿಗಳು ಬೆಳೆಯುವುದು ಕಾಂಡ್ಲಾ ಕಾಡಿನ ಸಂದಿನ ಕೊಳಕು ಹೊಂಡಗಳಲ್ಲಿ. ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ಜಾಗ. ಬೇರೆ ಮೀನು ಉಸಿರುಗಟ್ಟುವಲ್ಲಿ ಇವು ಗಾಳಿ ಕುಡಿದು ಬದುಕುತ್ತವೆ. ಅಂಥ ಹೊಂಡಗಳನ್ನು ತುಂಬಿಸಿಯೇ ಫ್ಲೋರಿಡಾದ ಬಡಾವಣೆಗಳು ಎದ್ದದ್ದು. 2018ರಲ್ಲಿ ಈ ತೀರವನ್ನೆಲ್ಲ ಆವರಿಸಿದ ವಿಷಪಾಚಿಯ ಕೆಂಪು ನೀರಿನಲ್ಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದವು. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಅಪ್ಪಳಿಸಿದ್ದು ಅಳಿವೆಯ ಆಚೆ ದಡದ ಕಾಯೊ ಕೋಸ್ಟಾ ದ್ವೀಪಕ್ಕೇ.

ಜುಲೈ ಕಳೆಯಿತೆಂದರೆ ಅಳಿವೆಯ ಹಿಂಡು ಚೆದುರುತ್ತದೆ. ಆರು ಮಂದಿಯನ್ನು ಒಯ್ಯುವ ಲೈಸೆನ್ಸಿನ ಕ್ಯಾಪ್ಟನ್‌ಗಳು ಆಗ ಸ್ನೂಕ್, ರೆಡ್‌ಫಿಶ್, ಗ್ರೂಪರ್‌ಗಳ ಬೆನ್ನು ಹತ್ತುತ್ತಾರೆ. ಕಿಂಗ್‌ಫಿಶ್ ಬಂದಾಗ ಅದೂ ಆಯಿತು; ಅದು ಕರಾವಳಿಯವರ ಅಂಜಲಿನ ಹತ್ತಿರದ ನೆಂಟ. ಇವನ್ನು ಮನೆಗೊಯ್ದು ತಿನ್ನಬಹುದು, ಅದಕ್ಕೂ ಅಳತೆ, ಋತು ಎಂದು ಕಟ್ಟಲೆಗಳಿವೆ. ಹಳೆಯ ಗಿರಾಕಿಗಳು ಮಾತ್ರ ಮುಂದಿನ ವರ್ಷದ ಇಳಿತದ ಪಟ್ಟಿ ತರಿಸಿಕೊಂಡು, ಮೇ ತಿಂಗಳ ಹುಣ್ಣಿಮೆ ಯಾವ ವಾರ ಬೀಳುತ್ತದೆಂದು ನೋಡಿ, ದೋಣಿ ಗೊತ್ತುಮಾಡಿಕೊಳ್ಳುತ್ತಾರೆ.