ವಲಾಂಡಿಯಲ್ಲಿ ಕಂಡ ಅಕ್ಷರ ವೃತ್ತಾಂತ

ಬೀದರಿನಿಂದ ಉದಗೀರಿಗೆ ರೈಲಿನಲ್ಲಿ ಹೋಗುವವರು ನಿಲ್ದಾಣದ ಫಲಕಗಳನ್ನು ಗಮನಿಸಬೇಕು. ಭಾಲ್ಕಿ, ಕಮಲನಗರಗಳವರೆಗೆ ಜೊತೆಗಿದ್ದ ಕನ್ನಡ ಅಕ್ಷರಗಳು ಉದಗೀರಿಗೆ ಬರುವಷ್ಟರಲ್ಲಿ ಕಣ್ಮರೆಯಾಗುತ್ತವೆ. ಡಬ್ಬಿಯೊಳಗಿನ ಮಾತು ಮಾತ್ರ ಬದಲಾಗುವುದಿಲ್ಲ. ಎದುರಿಗೆ ಕುಳಿತ ತಾಯಿ ಮಗುವನ್ನು ಗದರಿಸುವುದು ಕನ್ನಡದಲ್ಲಿಯೇ, ಬುತ್ತಿ ಬಿಚ್ಚಿ ನಮ್ಮನ್ನು ಊಟಕ್ಕೆ ಕರೆಯುವುದೂ ಕನ್ನಡದಲ್ಲಿಯೇ. ಕಳೆದ ದೀಪಾವಳಿಯ ರಜೆಯಲ್ಲಿ ಬಂಧುಗಳೊಬ್ಬರ ಕರೆಯ ಮೇರೆಗೆ ನಾವು ಈ ದಾರಿಯಲ್ಲಿ ಉದಗೀರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ವಲಾಂಡಿಯನ್ನು ತಲುಪಿದೆವು.

ವಲಾಂಡಿ ಇಂದು ಲಾತೂರು ಜಿಲ್ಲೆಯ ದೇವಣಿ ತಾಲೂಕಿಗೆ ಸೇರಿದ ಊರು. ಕಪ್ಪು ನೆಲ, ಜೋಳ, ತೊಗರಿ. ದೇವಣಿಯ ಹೆಸರು ಹೊತ್ತ ದನಗಳ ತಳಿಯಂತೂ ಪ್ರಸಿದ್ಧವೇ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರು, ನಿಲಂಗಾಗಳು ಬೀದರ ಜಿಲ್ಲೆಯಲ್ಲಿದ್ದವು. ಈ ಸೀಮೆಯ ಮಾತು ಬಂದಾಗಲೆಲ್ಲ ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು 'ಕವಿರಾಜಮಾರ್ಗ'ವನ್ನು ನೆನೆಯುವುದು ನಮ್ಮವರ ವಾಡಿಕೆ. ನೆನೆಯಲಿ, ಸಂತೋಷ. ಆದರೆ ಅದರಿಂದ ಯಾವ ಮಗುವಿಗೂ ಕಾಗುಣಿತ ಬಂದಂತಾಗಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ತಾವು ಓದು ಕಲಿತದ್ದು ಹೇಗೆಂದು ಕೇಳಿದೆವು. ತೊಂಬತ್ತರ ಹತ್ತಿರದ ಆ ಹಿರಿಯರು ನಕ್ಕು, "ಮಾಸ್ತರೆ, ಮನ್ಯಾಗ ಕನ್ನಡ. ಸಾಲ್ಯಾಗ ಮೊದಲು ಅಲೀಫ್ ಬೇ, ಆಮ್ಯಾಲ ಬಾರಾಖಡಿ. ಆಡೋ ಮಾತಿನ ಅಕ್ಷರ ಮಾತ್ರ ಕೈಗಿ ಹತ್ತಲಿಲ್ಲ ನೋಡ್ರಿ" ಎಂದರು. ಅಲೀಫ್ ಬೇ ನಿಜಾಮರ ಕಾಲದ್ದು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಅವರ ಪಾಟಿಯ ಮೇಲೆ ಲಿಪಿ ಬದಲಾಯಿತು. ಆ ನಿಜಾಮರ ಕಾಲದಲ್ಲಿಯೇ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ವಾಚಕರು ಬಲ್ಲರು. ಅಂತಹ ಬಾಗಿಲು ಎಲ್ಲ ಊರುಗಳಿಗೂ ದೊರೆಯಲಿಲ್ಲ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಭಾಷೆಯ ನಾಲ್ಕು ಮೆಟ್ಟಿಲುಗಳನ್ನು ಹೇಳಿಕೊಟ್ಟಿದ್ದರು: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಇಲ್ಲಿನ ಮನೆಗಳಲ್ಲಿ ಮೊದಲೆರಡು ಮೆಟ್ಟಿಲು ಕನ್ನಡದವು, ಮುಂದಿನೆರಡು ಮರಾಠಿಯವು. ಮರಾಠಿ ಕಲಿತದ್ದು ಲಾಭವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಸುಖದುಃಖವನ್ನು ಕಾಗದಕ್ಕೆ ಇಳಿಸಬೇಕಾದಾಗ ಏನಾಗುತ್ತದೆಂಬುದನ್ನು ನಾವು ಉಳಿದುಕೊಂಡ ಮನೆಯ ಅಜ್ಜಿ ತಿಳಿಸಿದರು.

ಎಂಬತ್ತೈದು ದಾಟಿದ ಈ ಅಜ್ಜಿಯ ತವರು ಭಾಲ್ಕಿಯ ಕಡೆಗೆ. ಮದುವೆಯಾದಾಗ ಎರಡೂ ಊರು ಒಂದೇ ಜಿಲ್ಲೆಯವು. ಅಣ್ಣನ ಕಾಗದಗಳು ಕನ್ನಡದಲ್ಲಿ ಬರುತ್ತಿದ್ದವು. ಓದಬಲ್ಲವರು ಊರಿಗೆ ಬರುವವರೆಗೂ ಅವು ಟ್ರಂಕಿನಲ್ಲಿಯೇ ಇರುತ್ತಿದ್ದವು. 1972ರ ಬರದಲ್ಲಿ ಹೊಲ ಒಣಗಿದಾಗ ಅಜ್ಜಿ ನಾಲ್ಕನೆಯ ಇಯತ್ತೆಯ ಮಗನನ್ನು ಕೂರಿಸಿ ಒಂದು ಕಾರ್ಡು ಬರೆಸಿದರು. "ಬೆಳಿ ಇಲ್ಲ, ಯಾರಿಗ್ಯಾರ ಲಗು ಕಳಸು" ಎಂದು. ಜೋಡೆತ್ತನ್ನು ಅಣ್ಣನ ಮನೆಗೆ ಅಟ್ಟಿ ಉಳಿಸಿಕೊಳ್ಳಬೇಕೆಂಬುದು ಮನಸ್ಸಿನಲ್ಲಿದ್ದ ಆಸೆ. ಹುಡುಗ ಬಲ್ಲದ್ದು ಬಾಳಬೋಧ ಲಿಪಿ. ಮರಾಠಿಗೆ ನಮ್ಮಂತೆ ಹ್ರಸ್ವ ಎಕಾರ, ಒಕಾರಗಳ ಬೇರೆ ಗುರುತು ಬೇಕಿಲ್ಲ. ಬಾರಾಖಡಿಯಲ್ಲಿ ಅವು ಇಲ್ಲ. ಕೊಡು, ಕೋಡು ಎರಡೂ ಒಂದೇ. ಒಲೆ, ಓಲೆ ಎರಡೂ ಒಂದೇ. ಅತ್ತ ಹಿಂದಿ ಬಲ್ಲ ಅಣ್ಣನ ಮಗ ಕಾರ್ಡನ್ನು ಓದಿದ. ನಾಲ್ಕು ದಿನಗಳಲ್ಲಿ ಆಳು ಬಂದ, ತೊಗರಿ ಬೇಳೆಯ ಗಂಟನ್ನು ಹೊತ್ತುಕೊಂಡು!

ಮರುಕಾರ್ಡು ತಲುಪುವಷ್ಟರಲ್ಲಿ ಎತ್ತುಗಳು ಸಂತೆಯಲ್ಲಿ ಮಾರಾಟವಾಗಿದ್ದವು. "ಬ್ಯಾಳಿ ಉಂಡ್ವಿ, ಸುಳ್ಳ್ಯಾಕ ಹೇಳಲಿ. ಎತ್ತು ಹ್ವಾದ್ವು" ಎಂದು ಅಜ್ಜಿ ಸುಮ್ಮನಾದರು.

ದಕ್ಷಿಣದ ಭಾಷೆಗಳನ್ನು ಬರೆಯಲೆಂದು ವಿದ್ವಾಂಸರು ದೇವನಾಗರಿಗೆ ಹ್ರಸ್ವ ಎ, ಒ ಚಿಹ್ನೆಗಳನ್ನು ಸೇರಿಸಿದ್ದುಂಟು. ಹಳ್ಳಿಯ ಶಾಲೆಯ ಮಗುವಿಗೆ ಅದನ್ನು ಯಾರು ತಿಳಿಸಬೇಕು? ಮೊಬೈಲಿನಲ್ಲಿ ಮಾತನಾಡುವ ಈ ದಿನಗಳಲ್ಲಿ ಕಾಗದದ ತೊಡಕು ಇಲ್ಲವೆನ್ನುವವರು ಉಂಟು. ಆಡಿದ ಮಾತು ಟ್ರಂಕಿನಲ್ಲಿ ಉಳಿಯುವುದಿಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ಆ ಸಂಜೆ ನಾವು ಅಜ್ಜಿಯ ಮರಿಮೊಮ್ಮಗನಿಗೆ, ಆರನೆಯ ಇಯತ್ತೆಯವನಿಗೆ, ಈ ಕಥೆಯನ್ನೇ ಅಜ್ಜಿಯಿಂದ ಕೇಳಿ ಬರೆಯುವಂತೆ ಹೇಳಿದೆವು. ಹ್ರಸ್ವ ಸ್ವರ ಬಂದಲ್ಲಿ ಅವನು ತಡೆದು ನಿಂತ. ಕನ್ನಡದ ಬೆ, ಬೇ ಬರೆದು ತೋರಿಸಿದೆವು. ದೇವನಾಗರಿಯ ನಡುವೆ ಆ ಎರಡನ್ನು ಕೂರಿಸಿದ. ಆಮೇಲೆ ಎ ಹೇಗೆ, ತೆ ಹೇಗೆ ಎಂದು ಕೇಳುತ್ತಾ ಹೋದ. ಳಕಾರವನ್ನು ಕಂಡು, "ಇದು ನಮ್ಮಲ್ಲೂ ಅದ, ಬ್ಯಾರೆ ಥರಾ ಬರೀತೀವಿ" ಎಂದ. ಎರಡು ಲಿಪಿಗಳು ಕಲಸಿದ ಆ ಹಾಳೆ ಯಾವ ಪರೀಕ್ಷಕನಿಗೂ ಮೆಚ್ಚುಗೆಯಾಗದು. ನಾವಂತೂ ಕೆಂಪು ಗೆರೆ ಎಳೆಯಲಿಲ್ಲ.

ಅವನು ಅದನ್ನು ಗಟ್ಟಿಯಾಗಿ ಓದಿದ. ಬೆಳೆ ಬೆಳೆಯಾಗಿಯೂ ಬೇಳೆ ಬೇಳೆಯಾಗಿಯೂ ಕೇಳಿಸಿತು. ಅಜ್ಜಿ ಕೊನೆಯವರೆಗೂ ಕಿವಿಗೊಟ್ಟು, "ಎತ್ತಿನ ಬಣ್ಣ ಬರ್ದೇ ಇಲ್ಲಲ್ಲೋ. ಒಂದು ಪೂರಾ ಬಿಳೀದು, ಒಂದರದು ಮಾರಿ ಕರೀದು ಇತ್ತು. ಬರಿ" ಎಂದರು.