ಲಿಂಗರಾಜಪುರದಿಂದ ಕಾಗೋಡಿಗೆ

ಬೆಂಗಳೂರು ದಂಡಿನಿಂದ ಹೆಣ್ಣೂರಿನ ಕಡೆಗೆ ಹೊರಟವರಿಗೆ ಲಿಂಗರಾಜಪುರವೆಂದರೆ ಒಂದು ಮೇಲುಸೇತುವೆ. ಕಾಚರಕನಹಳ್ಳಿ, ಕಮ್ಮನಹಳ್ಳಿ ಎಂಬ ನೆರೆಯ ಹೆಸರುಗಳಲ್ಲಿ ಹಳ್ಳಿ ಉಳಿದಿದೆ, ಹೊಲ ಉಳಿದಿಲ್ಲ. ನಮ್ಮ ಬೀದಿಯಲ್ಲಿ ಮಗನ ಮನೆಗೆ ಬಂದು ನೆಲೆಸಿರುವ ವೃದ್ಧ ರೈತರೊಬ್ಬರು ಚುನಾವಣೆ ಬಂತೆಂದರೆ ತಪ್ಪದೆ ಊರಿನ ರೈಲು ಹತ್ತುತ್ತಾರೆ. "ಮತವನ್ನು ಇಲ್ಲಿಯೇ ಹಾಕಬಾರದೆ?" ಎಂದೆ. "ಇಲ್ಲಿ ನನ್ನ ಗುರುತು ಯಾರಿಗುಂಟು ಸ್ವಾಮಿ?" ಎಂದರು. 2024ರ ಮೇ 7ರ ಮತದಾನಕ್ಕೆ ನಾನೂ ಜೊತೆಗೆ ಹೊರಟೆ.

ಅವರ ಊರು ಸಾಗರ ತಾಲ್ಲೂಕಿನ ಕಾಗೋಡು. ಗೇಣಿಯ ಭತ್ತವನ್ನಳೆಯುವ ಒಡೆಯರ ಕೊಳಗ ದೊಡ್ಡದೆಂದು ಒಕ್ಕಲುಗಳು ಸಿಡಿದೆದ್ದ ನೆಲವದು. 1951ರ ಆ ಸತ್ಯಾಗ್ರಹಕ್ಕೆ ಶಾಂತವೇರಿ ಗೋಪಾಲಗೌಡರು ಬೆಂಬಲವಾಗಿ ನಿಂತರು. ಲೋಹಿಯಾ ಅವರು ಬಂದು ಸೆರೆಯಾದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಜಾರಿಗೆ ತಂದ ಕಾನೂನಿನಿಂದ ಗೇಣಿಪದ್ಧತಿ ಕೊನೆಗೊಂಡು, ಉಳುವವನಿಗೆ ಹೊಲ ಬಂತು.

ಹಳ್ಳಿಯಲ್ಲಿ ಜಾತಿಯ ಲೆಕ್ಕ, ನಂಟಿನ ಹಂಗು ಇಲ್ಲವೆಂದಲ್ಲ. ಮುದುಕರೇ ಅದನ್ನೊಪ್ಪಿದರು. "ಆದರೆ ನಮ್ಮಪ್ಪ ಭತ್ತ ಅಳೆದುಕೊಟ್ಟು ಬರಿಗೈಯಲ್ಲಿ ಮನೆಗೆ ಬಂದದ್ದನ್ನು ಕಂಡವನು ನಾನು. ಪಹಣಿಯಲ್ಲಿ ನಮ್ಮ ಹೆಸರು ಕೂತದ್ದು ಮತದಿಂದ. ಅದನ್ನು ಮರೆಯಲುಂಟೆ?"

ಮತಗಟ್ಟೆಯಿಂದ ಹೊರಬಂದವರು ಬೆರಳಿನ ಶಾಯಿಯನ್ನು ತೋರಿಸುತ್ತ, "ನಿಮ್ಮದೆಲ್ಲಿ?" ಎಂದು ಕೇಳಿದರು. ಬೆಂಗಳೂರಿನ ಮತದಾನ ಏಪ್ರಿಲ್ 26ರಂದೇ ಮುಗಿದಿತ್ತು. ಆ ದಿನ ಬಿಸಿಲೆಂದು ನಾನು ಹೊಸ್ತಿಲು ದಾಟಿರಲಿಲ್ಲ. ಕೈಯನ್ನು ಮೆಲ್ಲನೆ ಜೇಬಿಗಿಳಿಸಿದೆ.